ನಾಲ್ಕನೆಯ ಬಿಡುಗಡೆ ಪತ್ರ

ಲ್ಯೂಬೆಕ್ ಬಂದರು,
1772 ಸೆಪ್ಟೆಂಬರ್ 19

ಪ್ರೀತಿಯ ಅಪ್ಪಾ,

ಮದುವೆಯಾಗಿ ಇವತ್ತಿಗೆ ಎಂಟು ದಿನ! ಎಂಟು ದಿನದಲ್ಲಿ ಒಬ್ಬಳಿಗೆ ಇಷ್ಟೆಲ್ಲ ಸಂತೋಷವಾಗಬಹುದೆಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ನಂಬುತ್ತಿರಲಿಲ್ಲ. ವಸತಿಗೃಹದ ಕಿಟಕಿಯಿಂದ ಹಡಗಿನ ಕಂಬಗಳು ಕಾಣುತ್ತಿವೆ, ಕೆಳಗೆ ಯಾರೋ ಮೀನು ಹುರಿಯುತ್ತಿದ್ದಾರೆ, ಮೊರಿತ್ಸ್ ಹಡಗಿನ ಯಜಮಾನನ ಜೊತೆ ಮಾತಾಡಲು ಹೋಗಿದ್ದಾರೆ. ನಾನು ಇಲ್ಲಿ ಕೂತು 'ಕೌಂಟೆಸ್ ಯೂಲಿಯಾನ ಫಾನ್ ರೈಫೆನೌ' ಎಂದು ಏಳು ಸಲ ಬರೆದು ನೋಡಿದೆ. ಏಳನೆಯದು ಎಲ್ಲಕ್ಕಿಂತ ಚೆನ್ನಾಗಿ ಬಂತು. ಹನ್ನೆರಡು ವರ್ಷ ನಿಮ್ಮ ಔಷಧದ ಅಂಗಡಿಯ ಸೀಸೆಗಳಿಗೆಲ್ಲ ನನ್ನಿಂದ ಚೀಟಿ ಬರೆಸಿದ್ದು ಸಾರ್ಥಕವಾಯಿತು ಅಪ್ಪ!

ನಿಮಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಬೈಯಬೇಡಿ. ಬರೆದರೆ ಇನ್ನೊಂದು ಸಲ ಮದುವೆಯಾದ ಹಾಗಾಗುತ್ತದೆ. ಆ ಪುಟ್ಟ ಚರ್ಚು, ಒಳಗೆ ಹದಿನಾಲ್ಕೇ ಜನ. ದೊಡ್ಡ ಕೌಂಟ್ ಬರಲಿಲ್ಲವೆಂದು ನಿಮಗೆ ಬೇಸರವಾಗಿರಬಹುದು. ತಮ್ಮನ ಮದುವೆಗೆ ಬರಲಾರದಷ್ಟು ಕಾಲುನೋವು ಪಾಪ ಯಾರಿಗೂ ಬರಬಾರದು. ಮೊರಿತ್ಸ್ ಹಸಿರು ಕೋಟಿನಲ್ಲಿ ನಿಂತಿದ್ದರು, ಬಲಗೈ ಬಿಳಿ ಪಟ್ಟಿಯಲ್ಲಿ ಕೊರಳಿಗೆ ಜೋತುಬಿದ್ದಿತ್ತು. ತುರ್ಕರ ಕತ್ತಿಯ ಆ ಗಾಯಕ್ಕೆ ನಾನು ದಿನಾ ಒಂದು ಮೇಣದಬತ್ತಿ ಹಚ್ಚಬೇಕು; ಅದಿಲ್ಲದಿದ್ದರೆ ಅವರು ಮುಲಾಮಿಗೆಂದು ನಮ್ಮ ಅಂಗಡಿಯ ಮೆಟ್ಟಿಲು ಯಾಕೆ ಹತ್ತುತ್ತಿದ್ದರು? ಪಾದ್ರಿಗಳು ತಲೆ ಎತ್ತದೆ, "ಎಡಗೈ ಕೊಡಿ ಸ್ವಾಮಿ," ಎಂದರು. ಅವರಿಗೂ ಆ ಗಾಯದ ಮೇಲೆ ಎಷ್ಟು ಕನಿಕರ ನೋಡಿ! ಮೊರಿತ್ಸ್ ಎಡಗೈ ಕೊಟ್ಟರು. ಬೆಚ್ಚಗಿತ್ತು.

ಊಟದ ಮೇಜಿನಲ್ಲಿ ಅತ್ತೆ ಮಗಳು ಗೆರ್ಟ್ರೂಡ್ ಏನೆಂದಳು ನೆನಪಿದೆಯೇ?

"ಲೇ ಯೂಲಿ, ಎಡಗೈ ಹಿಡ್ಕೊಂಡಿದೀಯ. ತೋಟದಮನೆ ಅಮ್ಮನ ಥರ ಆಗ್ಬಿಟ್ಟೀಯ, ಹುಷಾರು!"

"ಹೋಗೇ! ಬಲಗೈಗೆ ಗಾಯ ಆಗಿದ್ರೆ ಇನ್ನೊಂದು ಬಲಗೈ ಎಲ್ಲಿಂದ ತರ್ತಾರೆ? ಅಪ್ಪನ ಅಂಗಡೀಲಿ ಸಿಗುತ್ತಾ?"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನೀವೊಬ್ಬರೇ ನಗಲಿಲ್ಲ. ಮಗಳು ದೂರ ಹೋಗುತ್ತಾಳೆಂಬ ಸಂಕಟ, ನನಗೆ ಅರ್ಥವಾಗುತ್ತದೆ.

ತೋಟದಮನೆ ಅಮ್ಮನಿಗೆ ಎದೆಯ ಔಷಧ ಕೊಡಲು ನೀವು ನನ್ನನ್ನೇ ಕಳಿಸುತ್ತಿದ್ದಿರಲ್ಲ. ಮೊರಿತ್ಸ್ ಅವರ ಚಿಕ್ಕಪ್ಪನ ಹೆಂಡತಿ, ಆದರೆ ಎಡಗೈ ಹೆಂಡತಿ. ಕೌಂಟ್ ಮನೆಯವರು ತಮಗಿಂತ ಕೆಳಗಿನ ಮನೆಯವಳನ್ನು ಕಟ್ಟಿಕೊಳ್ಳುವಾಗ ಬಲಗೈ ಕೊಡುವುದಿಲ್ಲ. ಹೆಂಡತಿ ಹೌದು, ಅವರ ಹೆಸರಿಲ್ಲ. ಮಕ್ಕಳು ಹೌದು, ಮನೆತನವಿಲ್ಲ. ಒಂದು ಈಸ್ಟರ್ ದಿನ ಆಕೆ ಅರಮನೆಯ ದೀಪಗಳನ್ನು ನೋಡುತ್ತ ಒಬ್ಬರೇ ತಟ್ಟೆಯ ಮುಂದೆ ಕೂತಿದ್ದರು. ಮಗನ ಹೆಸರೇನು ಎಂದು ಕೇಳಿದ್ದಕ್ಕೆ, "ಅವನಿಗೆ ಅಪ್ಪನ ಹೆಸರು ಹೇಳೋ ಹಾಗಿಲ್ಲ ಕಂದಾ," ಎಂದಿದ್ದರು. ಅವತ್ತೇ ಮನೆಗೆ ಬಂದು ನಿಮ್ಮ ಮುಂದೆ ಆಣೆ ಇಟ್ಟಿದ್ದೆ: ಬೇಕಾದರೆ ಗಾಡಿ ಹೊಡೆಯುವವನನ್ನು ಮದುವೆಯಾಗುತ್ತೇನೆ, ಎಡಗೈ ಮಾತ್ರ ಹಿಡಿಯುವುದಿಲ್ಲ. ಮೊರಿತ್ಸ್ ಮೊದಲ ಸಲ ನನ್ನನ್ನು ಕೇಳಿದಾಗಲೂ ಇದನ್ನೇ ಹೇಳಿದ್ದೆ. ನೀವು ಅವರ ಕೈಗೆ ಮುಲಾಮು ಹಚ್ಚುತ್ತ ಕೇಳಿಸಿಕೊಂಡಿರಿ. ಅವರು ನಕ್ಕು, "ನಿಮ್ಮ ಮಗಳು ಸೇನಾಪತಿ ಥರ ಷರತ್ತು ಹಾಕ್ತಾಳೆ ಪಂಡಿತ್ರೇ," ಎಂದಿದ್ದರು!

ಆ ಮದುವೆಯ ಒಪ್ಪಂದ, ಅಬ್ಬಾ, ಎಷ್ಟು ಉದ್ದ! ಒಂಬತ್ತು ಪುಟ, ಎಲ್ಲ ಕಚೇರಿಯ ಮಾತು. ನನ್ನ ಶಾಲೆಯ ಓದಿಗೆ ಒಂದು ಸಾಲೂ ದಕ್ಕಲಿಲ್ಲ. ಮೊರಿತ್ಸ್ ಬೇರೆ ಹಿಂದಿನಿಂದ ನನ್ನ ಟೋಪಿಯ ರಿಬ್ಬನ್ ಎಳೆಯುತ್ತಿದ್ದರು. ನೀವು ಹೇಳಿದಿರಿ: "ನಾನು ಓದಿದೀನಿ, ಹಾಕಮ್ಮ ಸಹಿ." ಒಂದು ತೊಟ್ಟು ಔಷಧದ ಚೀಟಿಯನ್ನು ಮೂರು ಸಲ ಓದುವ ಅಪ್ಪ ಓದಿದ ಮೇಲೆ ನಾನ್ಯಾಕೆ ಓದಲಿ?

ಇನ್ನೊಂದು ಹೇಳಲೇಬೇಕು. ಮದುವೆಯ ಮರುದಿನ ಬೆಳಿಗ್ಗೆ ಗಾಡಿಯ ಮುಂದೆ ಇಷ್ಟಗಲ ಕೆಸರು. ಮೊರಿತ್ಸ್ ನನ್ನನ್ನು ಎರಡೂ ಕೈಯಲ್ಲಿ ಎತ್ತಿ, ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿ, ಗಾಡಿಯೊಳಗೆ ಕೂರಿಸಿದರು! ಎರಡೂ ಕೈ ಅಪ್ಪ! "ಗಾಯ ಏನಾಯ್ತು?" ಎಂದೆ. "ಪ್ರೀತಿಗಿಂತ ಒಳ್ಳೆ ಮುಲಾಮು ನಿಮ್ಮಪ್ಪನ ಹತ್ರಾನೂ ಇಲ್ಲ," ಎಂದರು. ನಿಮ್ಮ ಮುಲಾಮಿಗೆ ಅವಮಾನವಾಯಿತೇ? ಕ್ಷಮಿಸಿಬಿಡಿ.

ನಾಳೆ ಹಡಗು. ಅವರ ರೆಜಿಮೆಂಟಿನ ಚಳಿಗಾಲದ ಬಿಡಾರ ರೀಗಾದಲ್ಲಿ.

ನಿಮ್ಮ ತುಂಬಾ, ತುಂಬಾ ಸುಖಿ ಮಗಳು
ಯೂಲಿ (ಈಗ ಕೌಂಟೆಸ್!)


ರೈಫೆನೌ ಪಟ್ಟಣ,
1772 ಅಕ್ಟೋಬರ್ 24

ಮಗಳೇ ಯೂಲಿ,

ನಿನ್ನ ಪತ್ರ ತಲುಪಿತು. ಇಲ್ಲಿ ಎಲ್ಲ ಕ್ಷೇಮ. ಪುದೀನ ಬಿಲ್ಲೆಗಳ ಒಂದು ಡಬ್ಬಿ ಕಳಿಸಿದ್ದೇನೆ. ಹಡಗಿನಲ್ಲಿ ನಿನಗೆ ವಾಂತಿಯಾಗಿರಬೇಕು. ರೀಗಾದಲ್ಲಿ ನೀರು ಕುದಿಸಿ ಕುಡಿ. ಹೊಗೆಯಲ್ಲಿಟ್ಟ ಮೀನು ಹೆಚ್ಚು ತಿನ್ನಬೇಡ.

ಅಂಗಡಿಗೆ ಬರುವವರೆಲ್ಲ ನಿನ್ನನ್ನು ಕೇಳುತ್ತಾರೆ. ಬೇಕರಿಯವನ ಹೆಂಡತಿ ನನ್ನನ್ನು "ಕೌಂಟ್ ಮಾವ" ಎಂದು ಕರೆಯತೊಡಗಿದ್ದಾಳೆ. ಬೇಡವೆಂದು ಹೇಳಿದೆ. ಗಟ್ಟಿಯಾಗಿ ಹೇಳಲಿಲ್ಲ.

ತೋಟದಮನೆ ಅಮ್ಮ ಈ ತಿಂಗಳು ತೀರಿಕೊಂಡರು. ಹೆಚ್ಚು ಜನ ಇರಲಿಲ್ಲ.

ಒಪ್ಪಂದದ ಪ್ರತಿ ನನ್ನ ಬಳಿ ಜೋಪಾನವಾಗಿದೆ. ವಿಷದ ಬೀರುವಿನಲ್ಲಿ ಇಟ್ಟಿದ್ದೇನೆ. ಅದರ ಬೀಗದ ಕೈ ನನ್ನೊಬ್ಬನ ಬಳಿ ಮಾತ್ರ ಇರುವುದು.

ನಿನ್ನ ಗಂಡನಿಗೆ ನನ್ನ ವಂದನೆ ತಿಳಿಸು. ಸಂತೋಷವಾಗಿರು. ನೀನು ಸಂತೋಷವಾಗಿರುವುದೊಂದೇ ಮುಖ್ಯ.

ನಿನ್ನ ತಂದೆ
ಟೋಬಿಯಾಸ್ ಲಿಂಡ್ನರ್


ರೀಗಾ,
1773 ಜನವರಿ 28

ಪ್ರೀತಿಯ ಅಪ್ಪಾ,

ಮೊದಲು ದೊಡ್ಡ ಸುದ್ದಿ, ಯಾಕೆಂದರೆ ಅದು ಪತ್ರದ ಕೊನೆಯವರೆಗೆ ನನ್ನ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಹೊಟ್ಟೆಯಲ್ಲಿ ನಿಂತಿರುವುದೇ ಸುದ್ದಿ! ನೀವು ಅಜ್ಜ ಆಗುತ್ತೀರಿ. ಜುಲೈಗೆ ಎನ್ನುತ್ತಾರೆ ಮನೆಯೊಡತಿ ಸ್ಟೇಡಿಂಗ್ ಅಮ್ಮ. ಆಕೆ ಒಬ್ಬ ಕ್ಯಾಪ್ಟನ್ನನ ವಿಧವೆ. ನಾಲಿಗೆ ಚೂಪು, ರೈ ಹಿಟ್ಟಿನ ಗಂಜಿ ಮಾತ್ರ ಬೆಣ್ಣೆಯಂತಿರುತ್ತದೆ. ನಾನು ಹಾಡುತ್ತ ಮೆಟ್ಟಿಲು ಇಳಿದರೆ, "ಏನಮ್ಮಾ ಕೌಂಟೆಸ್, ಹಕ್ಕಿ ನುಂಗಿದ್ಯಾ? ಮೆಲ್ಲಗೆ ಇಳಿ, ಒಳಗಿರೋದು ಮೊಟ್ಟೆ!" ಎನ್ನುತ್ತಾರೆ.

ಮೊರಿತ್ಸ್ ಹೋದ ವಾರ ಹೊರಟರು, ದಾನ್ಯೂಬ್ ಕಡೆಗೆ. ಹೆಪ್ಪುಗಟ್ಟಿದ ನದಿಯ ಮೇಲೆ ಅವರ ಜಾರುಗಾಡಿ ಚುಕ್ಕೆಯಾಗುವವರೆಗೆ ನೋಡಿದೆ. ಅತ್ತೆನೆಂದುಕೊಂಡಿರಾ? ಅತ್ತೆ. ಆದರೆ ಹೆಮ್ಮೆಯ ಅಳು.

ಹೊರಡುವ ಮೊದಲು ಒಂದು ತಿಂಗಳು ನಾನು ಅವರ ಗುಮಾಸ್ತೆ! ಅವರಿಗೆ ಸ್ವಂತದ ರೆಜಿಮೆಂಟ್ ಬೇಕು. ಲೆಫ್ಟಿನೆಂಟ್ ಕರ್ನಲ್ ಎಂದರೆ ಮದುವೆಮನೆಯಲ್ಲಿ ವರನ ಪಕ್ಕ ನಿಂತ ಹಾಗೆ ಎನ್ನುತ್ತಾರೆ; ಎಲ್ಲರೂ ನೋಡುತ್ತಾರೆ, ಯಾರೂ ಹಾರ ಹಾಕುವುದಿಲ್ಲ. ಅದಕ್ಕೆ ಪೀಟರ್ಸ್‌ಬರ್ಗಿಗೆ ಅರ್ಜಿ ಕಳಿಸಬೇಕು. ಅರ್ಜಿಯ ಜೊತೆಗೆ ಹಿಂದಿನ ಸೇವೆಗಳ ದಾಖಲೆ. ಹೀಗಾಗಿ ಅವರ ದೊಡ್ಡ ಪೆಟ್ಟಿಗೆ ತೆರೆದೆವು. ಅಪ್ಪಾ, ಅದರಲ್ಲಿ ಒಂದರ ಮೇಲೊಂದು ಕೋಟುಗಳು! ತಳದಲ್ಲಿ ಸ್ಯಾಕ್ಸನಿಯ ಬಿಳಿ ಕೋಟು, ಎಷ್ಟು ಚಿಕ್ಕದು ಎಂದರೆ ನನಗೇ ಬಿಗಿ. ಹದಿನೈದನೆಯ ವಯಸ್ಸಿನಲ್ಲಿ ಹಾಕಿದ್ದಂತೆ. ಅದರ ಮೇಲೆ ಡೆನ್ಮಾರ್ಕಿನ ಕೆಂಪು. ಅದರ ಮೇಲೆ ಹಾಲೆಂಡಿನ ನೀಲಿ. ಈಗ ಮೈಮೇಲೆ ರಷ್ಯದ ಹಸಿರು.

"ಇಷ್ಟೊಂದು ದೊರೆಗಳನ್ನ ಬಿಟ್ಟು ಬಂದಿದೀರಲ್ಲ, ನಾಚಿಕೆ ಆಗಲ್ವಾ?" ಎಂದು ಕಾಲೆಳೆದೆ.

"ಬಿಟ್ಟು ಬಂದಿಲ್ಲ," ಎಂದರು, ನಗದೆ. "ಓಡಿಹೋಗೋನು ಬೇರೆ, ಬಿಡುಗಡೆ ತಗೊಂಡು ಹೋಗೋನು ಬೇರೆ. ನೋಡು."

ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟ ಮೂರು ಕಾಗದ ತೆಗೆದರು. ಮೂರು ದೊರೆಗಳ ಬಿಡುಗಡೆ ಪತ್ರ. ಊಟದ ಬೆಳ್ಳಿ ಮಾರಿದರೂ ಇವನ್ನು ಮಾರುವುದಿಲ್ಲ ಎನ್ನುತ್ತಾರೆ. ಮನೆಯಿಂದ ದೂರ ಪರದೊರೆಯ ಕೈಕೆಳಗೆ ದುಡಿಯುವ ಅಧಿಕಾರಿಗೆ ಇದೇ ಮಾನವಂತೆ. ನಾನು ಒಂದೊಂದಕ್ಕೂ ಎರಡೆರಡು ನಕಲು ಮಾಡಿದೆ. ಮೂರೂ ಒಂದೇ ಅಚ್ಚು: ಇಂಥವರು ಇಂಥ ದಿನದಿಂದ ಇಂಥ ದಿನದವರೆಗೆ ನಮ್ಮ ಸೇವೆಯಲ್ಲಿದ್ದು, ನಿಷ್ಠೆಯಿಂದಲೂ ಧೈರ್ಯದಿಂದಲೂ ಒಬ್ಬ ಮರ್ಯಾದಸ್ಥನಿಗೆ ತಕ್ಕಂತೆ ನಡೆದುಕೊಂಡಿದ್ದಾರೆ, ಇನ್ನು ಮುಂದೆ ತಮ್ಮ ಭಾಗ್ಯವನ್ನು ಬೇಕಾದಲ್ಲಿ ಹುಡುಕಿಕೊಳ್ಳಲು ಸ್ವತಂತ್ರರು. ಈಗ ಕಣ್ಣು ಮುಚ್ಚಿಕೊಂಡೇ ಬರೆಯಬಲ್ಲೆ. ಸೇವಾ ಪಟ್ಟಿಯಲ್ಲಿ 'ವಿವಾಹಿತರೇ' ಎಂಬ ಸಾಲು ಬಂದಾಗ ನನ್ನ ಹೆಸರನ್ನು ಸೊಂಪಾಗಿ ಬರೆಯಬೇಕೆಂದಿದ್ದೆ. "ಅದೊಂದು ಬಿಡು, ಪೀಟರ್ಸ್‌ಬರ್ಗಲ್ಲಿ ಬರ್ಕೋತಾರೆ," ಎಂದರು. ಆ ಪೀಟರ್ಸ್‌ಬರ್ಗಿನ ಗುಮಾಸ್ತೆಯ ಕೈಬರಹ ನನ್ನದಕ್ಕಿಂತ ಚೆನ್ನಾಗಿರಲಾರದು!

ಈಗ ನನ್ನ ಗುಟ್ಟು. ಪೆಟ್ಟಿಗೆಯ ಮೂಲೆಯಲ್ಲಿ ಅವರ ಹಳೆಯ ಮುದ್ರೆಯುಂಗುರ ಸಿಕ್ಕಿತು, ರೈಫೆನೌ ಮನೆತನದ ಲಾಂಛನ ಇರುವುದು: ಎರಡು ಕೀಲಿಕೈ, ನಡುವೆ ಒಂದು ಕೊಕ್ಕರೆ. ಇನ್ನು ಬಸುರಿಯ ಮನೆಯ ಪತ್ರಕ್ಕೆ ಕೊಕ್ಕರೆಯ ಮುದ್ರೆ ಒತ್ತದಿರುವುದುಂಟೇ? ಅಜ್ಜಿಕತೆಗಳಲ್ಲಿ ಮಕ್ಕಳನ್ನು ಹೊತ್ತು ತರುವುದೇ ಅದು! ದೊಡ್ಡ ಕೌಂಟರಿಗೆ ಒಂದು ಚೆಂದದ ಪತ್ರ ಬರೆದೆ. ನಿಮ್ಮ ಮನೆತನಕ್ಕೆ ಹೊಸ ಕುಡಿ ಬರುತ್ತಿದೆ, ಅಣ್ಣ, ಎಂದು. ಹೌದು, 'ಅಣ್ಣ' ಎಂದೇ ಬರೆದೆ. ಮಡಿಸಿ, ಕೆಂಪು ಅರಗು ಕರಗಿಸಿ, ಉಂಗುರ ಒತ್ತಿದೆ. ಕೊಕ್ಕರೆ ಕಣ್ಣಿನ ಸಮೇತ ಮೂಡಿತು. ಮೊರಿತ್ಸ್‌ಗೆ ಹೇಳಿಲ್ಲ. ದಾನ್ಯೂಬ್ ತೀರಕ್ಕೆ ಅವರ ಅಣ್ಣನಿಂದಲೇ ಶುಭಾಶಯ ಹೋದರೆ ಎಷ್ಟು ಆಶ್ಚರ್ಯಪಡುತ್ತಾರೆ!

ಈ ಪತ್ರಕ್ಕೂ ಅದನ್ನೇ ಒತ್ತಿದ್ದೇನೆ. ಬೇಕರಿಯವನ ಹೆಂಡತಿಗೆ ತೋರಿಸಿ.

ನಿಮ್ಮ
ಯೂಲಿ


ರೈಫೆನೌ ಕೌಂಟರ ಕಚೇರಿ,
1773 ಮಾರ್ಚ್ 9

ಔಷಧ ವ್ಯಾಪಾರಿ ಲಿಂಡ್ನರ್ ಅವರ ಮಗಳು, ಪ್ರಸ್ತುತ ರೀಗಾದಲ್ಲಿರುವ ಯೂಲಿಯಾನ ಲಿಂಡ್ನರ್ ಅವರಿಗೆ,

ತಾವು ಜನವರಿಯಲ್ಲಿ ಕಳಿಸಿದ ಪತ್ರವನ್ನು ನಮ್ಮ ಒಡೆಯರು ನೋಡಿದ್ದಾರೆ. ಅದಕ್ಕೆ ಉತ್ತರಿಸುವ ಇಚ್ಛೆ ಅವರಿಗಿಲ್ಲ. ಅವರ ಅಪ್ಪಣೆಯಂತೆ ಈ ಕೆಳಗಿನದನ್ನು ತಿಳಿಸುತ್ತಿದ್ದೇನೆ.

ಕಳೆದ ಸೆಪ್ಟೆಂಬರ್ 11ರಂದು ಕೌಂಟ್ ಮೊರಿತ್ಸ್ ಅವರು ತಮ್ಮನ್ನು ಎಡಗೈ ಕೊಟ್ಟು ವಿವಾಹವಾಗಿರುತ್ತಾರೆ. ತಾವೂ ತಮ್ಮ ತಂದೆಯೂ ಸಹಿ ಮಾಡಿರುವ ಒಪ್ಪಂದದ ನಾಲ್ಕನೆಯ ಕಲಮಿನ ಪ್ರಕಾರ, ಈ ಮನೆತನದ ಹೆಸರಿಗಾಗಲಿ, ಪದವಿಗಾಗಲಿ, ಲಾಂಛನಕ್ಕಾಗಲಿ ತಮಗೂ ತಮಗೆ ಹುಟ್ಟುವ ಮಕ್ಕಳಿಗೂ ಯಾವ ಹಕ್ಕೂ ಇರುವುದಿಲ್ಲ. ಮಕ್ಕಳು ತಾಯಿಯ ಹುಟ್ಟುಹೆಸರಿನಲ್ಲಿ ಕರೆಯಲ್ಪಡತಕ್ಕದ್ದು. ಕಲಮಿನ ನಕಲು ಲಗತ್ತಿಸಿದೆ.

ಆದ್ದರಿಂದ ಮುದ್ರೆಯುಂಗುರವನ್ನು ಕೂಡಲೇ ಹಿಂದಿರುಗಿಸತಕ್ಕದ್ದು. ಒಡೆಯರನ್ನು ಮುಂದೆ 'ಅಣ್ಣ' ಎಂದು ಸಂಬೋಧಿಸಬಾರದು.

ಎ. ಕ್ರೂಸಿಯಸ್
ಕಚೇರಿ ಕಾರ್ಯದರ್ಶಿ


ರೀಗಾ,
1773 ಏಪ್ರಿಲ್ 6

ಅಪ್ಪ,

ಕಚೇರಿಯಿಂದ ಬಂದ ಪತ್ರದ ನಕಲನ್ನು ಇದರೊಳಗೆ ಇಟ್ಟಿದ್ದೇನೆ. ನಕಲು ಮಾಡುವುದು ನನಗೆ ಅಭ್ಯಾಸವಾಗಿದೆ.

ಮೊದಲ ಸಲ ಓದಿದಾಗ ಇದು ಬೇರೆ ಯಾರಿಗೋ ಬರೆದದ್ದು ಎಂದುಕೊಂಡೆ. ಎರಡನೆಯ ಸಲ ಓದಿ, ಆ ಕಾರ್ಯದರ್ಶಿ ಮುದುಕನಿಗೆ ತಲೆ ಕೆಟ್ಟಿದೆ ಎಂದುಕೊಂಡೆ. ಸ್ಟೇಡಿಂಗ್ ಅಮ್ಮನಿಗೆ ಓದಿ ಹೇಳಿದೆ, ನಗುತ್ತಲೇ. "ನೋಡಿ ಅಮ್ಮ, ಎಂಥಾ ತಮಾಷೆ! ಕೈಗೆ ಗಾಯ ಆಗಿತ್ತು ಅಂತ ಇವರಿಗೆ ಗೊತ್ತೇ ಇಲ್ಲ!"

ಆಕೆ ಹೆಚ್ಚುತ್ತಿದ್ದ ಮೀನನ್ನು ಬದಿಗಿಟ್ಟರು.

"ಗಾಯ ಯಾವಾಗ ಮಾಗಿದ್ದು?"

"ಮದುವೆ ಮಾರನೇ ದಿನ! ಎರಡೂ ಕೈಯಲ್ಲಿ ನನ್ನ ಎತ್ತಿ..."

"ಇಪ್ಪತ್ತು ವರ್ಷ ಸಿಪಾಯಿಗಳ ಗಾಯ ಕಟ್ಟಿದೀನಿ ಕಣೇ," ಎಂದರು. "ಒಂದು ದಿನದಲ್ಲಿ ಮಾಗೋ ಗಾಯ ನಾನು ನೋಡಿಲ್ಲ." ಆಮೇಲೆ ಚಾಕು ಎತ್ತಿಕೊಂಡು, "ಅಳೋದಾದ್ರೆ ಇಲ್ಲೇ ಕೂತು ಅಳು. ಮೆಟ್ಟಿಲ ಮೇಲೆ ಬೇಡ, ಜಾರ್ತೀಯ," ಎಂದರು.

ನಾನು ಅಳಲಿಲ್ಲ. ಕೂತು ನೆನಪು ಮಾಡಿಕೊಂಡೆ. ಪಾದ್ರಿ ಯಾಕೆ ತಲೆ ಎತ್ತಲಿಲ್ಲ. ಅಂಗಡಿಯಲ್ಲಿ ನಾನು ಷರತ್ತು ಹೇಳಿದ ಮರುವಾರ ಮೊರಿತ್ಸ್ ಯಾಕೆ ಮತ್ತೆ ಪಟ್ಟಿ ಕಟ್ಟಿಕೊಳ್ಳತೊಡಗಿದರು. ಆ ಒಂಬತ್ತು ಪುಟವನ್ನು ಯಾರು ಓದಿದ್ದರು.

ಅವರಿಗೆ ಇವತ್ತೇ ಬರೆದಿದ್ದೇನೆ, ಒಂದೇ ಸಾಲು: ನಮ್ಮ ಮದುವೆಯ ದಿನ ನಿಮ್ಮ ಬಲಗೈ ಹೇಗಿತ್ತು?

ನಿಮಗೂ ಒಂದೇ ಪ್ರಶ್ನೆ. ಅವರ ಗಾಯ ನೋಡಿಕೊಂಡವರು ನೀವು. ಮದುವೆಯ ಬೆಳಿಗ್ಗೆ ಆ ಬಿಳಿ ಪಟ್ಟಿಯನ್ನು ಕಟ್ಟಿದವರು ಯಾರು? ನೀವಲ್ಲ ಎಂದು ಬರೆಯಿರಿ. ಬೇರೆ ಯಾರ ಹೆಸರನ್ನಾದರೂ ಬರೆಯಿರಿ, ನಂಬುತ್ತೇನೆ.

ಯೂಲಿಯಾನ


ರೈಫೆನೌ ಪಟ್ಟಣ,
1773 ಮೇ 4

ಮಗಳೇ,

ನಾನೇ.

ಈ ಒಂದು ಪದ ಬರೆದು ಮೂರು ದಿನ ಮೇಜಿನ ಮೇಲೆ ಬಿಟ್ಟಿದ್ದೆ. ಮುಂದಿನದನ್ನು ಓದುವುದು ಬಿಡುವುದು ನಿನಗೆ ಸೇರಿದ್ದು.

ಗಾಯ ಆಗಸ್ಟಿನಲ್ಲೇ ಮಾಗಿತ್ತು. ಒಳ್ಳೆಯ ಗಾಯ, ಕೀವಿಲ್ಲದೆ ಕೂಡಿಕೊಂಡಿತ್ತು. ಕೌಂಟ್ ಮೊರಿತ್ಸ್ ಒಪ್ಪಂದದ ಕರಡನ್ನು ತಂದು ನನ್ನ ಮುಂದೆ ಇಟ್ಟರು. ಏನನ್ನೂ ಬಚ್ಚಿಡಲಿಲ್ಲ. "ಅಣ್ಣ ಒಪ್ಪಿರೋದು ಇಷ್ಟಕ್ಕೇ. ಅವಳಿಗೆ ಹೇಳಿದ್ರೆ ಅವಳು ಬರಲ್ಲ. ನನಗೆ ಅವಳು ಬೇಕು ಪಂಡಿತ್ರೇ," ಎಂದರು. ಕರ್ನಲ್ ಆದ ಮೇಲೆ ತಾನೇ ಹೇಳುತ್ತೇನೆ, ಆಗ ಅಣ್ಣನೂ ಮೆತ್ತಗಾಗುತ್ತಾನೆ ಎಂದರು. ನಾಲ್ಕನೆಯ ಕಲಮನ್ನು ನಾನು ಮೂರು ಸಲ ಅಲ್ಲ, ಮೂವತ್ತು ಸಲ ಓದಿದೆ.

ಮದುವೆಯ ಬೆಳಿಗ್ಗೆ ಅವರು ಅಂಗಡಿಯ ಹಿಂದಿನ ಕೋಣೆಗೆ ಬಂದು, ಕೋಟು ತೆಗೆದು, ಗಟ್ಟಿಮುಟ್ಟಾದ ಕೈಯನ್ನು ನನ್ನ ಮುಂದೆ ಚಾಚಿದರು. "ಕಟ್ಟಿ," ಎಂದರು. ನೀನು ಮೇಲಿನ ಕೋಣೆಯಲ್ಲಿ ಗೆರ್ಟ್ರೂಡಳ ಜೊತೆ ಹಾಡುತ್ತಿದ್ದೆ. ನಿನ್ನ ತಾಯಿ ಸತ್ತ ಮೇಲೆ ಆ ಮನೆಯಲ್ಲಿ ಯಾರೂ ಹಾಡಿರಲಿಲ್ಲ. ಕಟ್ಟಿದೆ. ಗಂಟು ಸರಿಯಾಗಿ ಕೂರಲಿಲ್ಲ. ಬಿಚ್ಚಿ ಮತ್ತೆ ಕಟ್ಟಿದೆ.

ನಿನ್ನ ಹಾಡಿಗಾಗಿಯೇ ಮಾಡಿದೆ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ. ಬೇಕರಿಯವನ ಹೆಂಡತಿ "ಕೌಂಟ್ ಮಾವ" ಎಂದಾಗ ನನಗೆ ಹಿತವಾಗುತ್ತಿತ್ತು. ನಲವತ್ತು ವರ್ಷ ಇದೇ ಊರಿನಲ್ಲಿ ಟೋಪಿ ತೆಗೆದು ನಿಂತವನು ನಾನು. ಉಳಿದ ಅರ್ಧ ಅದು.

ನೀನು ಮನೆಗೆ ಬಂದುಬಿಡು. ಅಥವಾ ನಾನೇ ಬರುತ್ತೇನೆ, ನೀನು ಒಂದು ಮಾತು ಬರೆದರೆ ಸಾಕು. ಹೆರಿಗೆಯ ಹೊತ್ತಿಗೆ ಬೇಕಾಗುವ ಕಷಾಯದ ಬೇರುಗಳನ್ನೂ ಪುದೀನ ಬಿಲ್ಲೆಗಳನ್ನೂ ಕಳಿಸಿದ್ದೇನೆ.

ಟೋಬಿಯಾಸ್ ಲಿಂಡ್ನರ್


ದಾನ್ಯೂಬ್ ತೀರದ ಬಿಡಾರ,
1773 ಮೇ 27

ನನ್ನ ಪ್ರೀತಿಯ ಯೂಲಿ,

ರೆಜಿಮೆಂಟ್ ಸಿಕ್ಕಿತು! ಈ ಮಾತನ್ನು ನಿನಗೇ ಮೊದಲು ಬರೆಯಬೇಕೆಂದು ಕಾದಿದ್ದೆ. ನಿನ್ನ ಕೈಬರಹದ ನಕಲುಗಳನ್ನು ಪೀಟರ್ಸ್‌ಬರ್ಗಿನಲ್ಲಿ ಎಲ್ಲರೂ ಹೊಗಳಿದರಂತೆ. ಇನ್ನು ಮೇಲೆ ನಾನು ಕರ್ನಲ್ ರೈಫೆನೌ, ಸಾವಿರದ ಐನೂರು ಜನರ ಒಡೆಯ.

ನಿನ್ನ ಪ್ರಶ್ನೆಗೆ ಉತ್ತರ: ಕೈ ಚೆನ್ನಾಗಿತ್ತು. ನೀನು ಕೇಳಿದ ಮೇಲೆ ನಾನು ಸುಳ್ಳು ಹೇಳುವವನಲ್ಲ. ಮೊದಲೂ ಹೇಳಿಲ್ಲ, ನೆನಪು ಮಾಡಿಕೋ. ಗಾಯ ಇನ್ನೂ ಇದೆ ಎಂದು ನಾನು ಬಾಯಿಬಿಟ್ಟು ಹೇಳಲಿಲ್ಲ.

ಕೋಪ ಮಾಡಿಕೊಳ್ಳುವ ಮೊದಲು ಒಂದು ನಿಮಿಷ ನನ್ನ ಜಾಗದಲ್ಲಿ ನಿಂತು ನೋಡು. ಕೌಂಟ್ ಮನೆಯ ಕಿರಿಯ ಮಗನಿಗೆ ಮನೆಯಿಂದ ಸಿಗುವುದು ಹೆಸರೊಂದೇ. ಆ ಹೆಸರನ್ನು ಹೆಗಲ ಮೇಲೆ ಹೊತ್ತು ಹದಿನೈದನೆಯ ವಯಸ್ಸಿಗೆ ಹೊರಟವನು ನಾನು. ಮೂರು ದೊರೆಗಳಿಗಾಗಿ ಗುಂಡಿನೆದುರು ನಿಂತೆ. ಮೂರೂ ಕಡೆ ನನಗಿಂತ ದಡ್ಡರಾದ ಆ ನಾಡಿನವರೇ ನನ್ನ ತಲೆಯ ಮೇಲಿನಿಂದ ಏರಿಹೋದರು. ಪರನಾಡಿನವನಿಗೆ ರೆಜಿಮೆಂಟ್ ಕೊಡುವಾಗ, ಇವನ ಮನೆತನ ಇವನ ಬೆನ್ನಿಗಿದೆಯೇ ಎಂದು ಕೇಳುತ್ತಾರೆ. ಅಣ್ಣನ ಶಿಫಾರಸು ಪತ್ರ ಬೇಕೇ ಬೇಕಿತ್ತು. ಅಣ್ಣ ಇಟ್ಟ ಷರತ್ತು ಎಡಗೈ. ನೀನು ಇಟ್ಟ ಷರತ್ತು ಬಲಗೈ. ನನಗೆ ಇಬ್ಬರೂ ಬೇಕಿತ್ತು. ಇದನ್ನು ಕಪಟ ಎನ್ನುತ್ತೀಯೋ, ಉಪಾಯ ಎನ್ನುತ್ತೀಯೋ? ಯುದ್ಧದಲ್ಲಿ ಇದಕ್ಕೆ ಪದಕ ಕೊಡುತ್ತಾರೆ.

ಇನ್ನೊಂದು. ನಾನು ಯಾವ ದೊರೆಯ ಒಪ್ಪಂದಕ್ಕೂ ಓದದೆ ಸಹಿ ಹಾಕಿದವನಲ್ಲ. ನೀನು ಹಾಕಿದೆ. ಕಾಗದ ನಿನ್ನ ಕಣ್ಣ ಮುಂದೆಯೇ ಇತ್ತು.

ಮಗುವಿಗೆ ಲಿಂಡ್ನರ್ ಎಂಬ ಹೆಸರು ಬರಲಿ ಬಿಡು, ಅದೇನು ಕೆಟ್ಟ ಹೆಸರಲ್ಲ. ಗಂಡಾದರೆ ಹದಿನಾಲ್ಕಕ್ಕೆ ನನ್ನ ರೆಜಿಮೆಂಟಿಗೆ ಸೇರಿಸಿಕೊಳ್ಳುತ್ತೇನೆ. ಎಲ್ಲರೆದುರು 'ಅಪ್ಪ' ಎನ್ನದಂತೆ ನೀನೇ ತಿಳಿಹೇಳಿರು, ನನಗೆ ಕಷ್ಟವಾಗುತ್ತದೆ. ಅಣ್ಣ ನನಗೂ ಬರೆದಿದ್ದಾನೆ; ಉಂಗುರವನ್ನು ಅವನಿಗೆ ಕಳಿಸಿಬಿಡು.

ಸಿಟ್ಟಿನಲ್ಲಿ ತವರಿಗೆ ಓಡಿಹೋಗಬೇಡ. ಹೇಳದೆ ಕೇಳದೆ ಓಡಿಹೋಗುವುದು ನಮ್ಮಂಥವರ ಮರ್ಯಾದೆಗೆ ತಕ್ಕದ್ದಲ್ಲ. ಚಳಿಗಾಲಕ್ಕೆ ಬರುತ್ತೇನೆ. ನಿನ್ನ ಹಾಡು ಕೇಳದೆ ಬಹಳ ದಿನವಾಯಿತು.

ಎಂದೆಂದಿಗೂ ನಿನ್ನವನು
ಮೊರಿತ್ಸ್


ರೀಗಾ,
1773 ಆಗಸ್ಟ್ 15

ಅಪ್ಪ,

ಜುಲೈ ಎರಡರಂದು ಹೆಣ್ಣುಮಗು ಹುಟ್ಟಿತು. ನಾನೂ ಮಗುವೂ ಆರೋಗ್ಯವಾಗಿದ್ದೇವೆ. ಅಮ್ಮನ ಹೆಸರಿಟ್ಟಿದ್ದೇನೆ, ಸಬೀನಾ. ದೀಕ್ಷಾಸ್ನಾನದ ದಿನ ಪಾದ್ರಿಗಳು ಪುಸ್ತಕದಲ್ಲಿ ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ಲಿಂಡ್ನರ್ ಅಂತ ಬರೀರಿ," ಎಂದೆ. ಸ್ಟೇಡಿಂಗ್ ಅಮ್ಮ ಹಿಂದಿನಿಂದ, "ಗಟ್ಟಿಯಾಗಿ ಹೇಳೇ, ಅವರಿಗೆ ಕಿವಿ ಮಂದ," ಎಂದರು. ಗಟ್ಟಿಯಾಗಿ ಹೇಳಿದೆ.

ಸಂತೆ ಬೀದಿಯ ಒಂದು ಔಷಧದ ಅಂಗಡಿಯಲ್ಲಿ ಚೀಟಿ ಬರೆಯುವ ಕೆಲಸ ಸಿಕ್ಕಿದೆ. ಪ್ರತಿ ಚೀಟಿಯನ್ನೂ ಮೂರು ಸಲ ಓದುತ್ತೇನೆ. ಮಗು ಪಕ್ಕದ ಬುಟ್ಟಿಯಲ್ಲಿರುತ್ತದೆ.

ಮೊರಿತ್ಸ್ ನನಗೆ ಮೋಸ ಮಾಡಿದ್ದು ದೊಡ್ಡದೇ. ಆದರೆ ಮದುವೆಯ ಹೊತ್ತಿಗೆ ಅವರು ನನಗೆ ಎರಡು ತಿಂಗಳ ಪರಿಚಯ. ನಿಮ್ಮದು ಇಪ್ಪತ್ತೆರಡು ವರ್ಷದ್ದು. ಗಂಟು ಸರಿಯಾಗಿ ಕೂರಲಿಲ್ಲವೆಂದು ಬಿಚ್ಚಿದಿರಲ್ಲ ಅಪ್ಪ, ಆಗ ಮೇಲೆ ಬಂದು ನನಗೆ ಹೇಳಲು ಹನ್ನೊಂದೇ ಮೆಟ್ಟಿಲಿತ್ತು.

ನೀವು ಬರಬೇಡಿ. ಮುಂದೆ ಯಾವತ್ತಾದರೂ ಕರೆಯುತ್ತೇನೋ ಏನೋ, ಈಗ ಗೊತ್ತಿಲ್ಲ. ಬೇರುಗಳನ್ನು ಉಪಯೋಗಿಸಿದೆ. ಬಿಲ್ಲೆಗಳ ಡಬ್ಬಿಯನ್ನು ತೆರೆದಿಲ್ಲ.

ಒಪ್ಪಂದದ ಪ್ರತಿಯನ್ನು ವಿಷದ ಬೀರುವಿನಿಂದ ತೆಗೆಯಬೇಡಿ. ಅದು ಸರಿಯಾದ ಜಾಗದಲ್ಲೇ ಇದೆ.

ಯೂಲಿಯಾನ ಲಿಂಡ್ನರ್


ರೀಗಾ,
1773 ಆಗಸ್ಟ್ 15

ಬಿಡುಗಡೆ ಪತ್ರ

ಕೌಂಟ್ ಮೊರಿತ್ಸ್ ಫಾನ್ ರೈಫೆನೌ, ಕರ್ನಲ್, ಇವರು 1772 ಸೆಪ್ಟೆಂಬರ್ 11ರಿಂದ ಈ ದಿನದವರೆಗೆ ಕೆಳಗೆ ಸಹಿ ಮಾಡಿದವಳ ಗಂಡನಾಗಿ ಸೇವೆಯಲ್ಲಿದ್ದರು.

ಈ ಅವಧಿಯಲ್ಲಿ ಇವರು ತೋರಿದ ಧೈರ್ಯದ ಬಗ್ಗೆ ಯಾವ ಸಂಶಯವೂ ಇಲ್ಲ. ನಿಷ್ಠೆಯ ಬಗ್ಗೆ ಬರೆಯುವ ಸಾಲನ್ನು, ಅವರ ಸೇವಾ ಪಟ್ಟಿಯಲ್ಲಿ ನನ್ನ ಹೆಸರಿನ ಸಾಲನ್ನು ಬಿಟ್ಟಂತೆಯೇ, ಖಾಲಿ ಬಿಡಲಾಗಿದೆ.

ಇವರು ಸೇವೆಗೆ ಸೇರುವಾಗ ಬಲಗೈಗೆ ಗಾಯವಾಗಿದೆಯೆಂದು ತೋರಿಸಿಕೊಂಡಿದ್ದರು. ಮರುದಿನ ಬೆಳಿಗ್ಗೆ ಆ ಕೈ ಒಬ್ಬ ಹೆಂಗಸನ್ನು ಕೆಸರಿನ ಮೇಲೆ ಎತ್ತಿ ಒಂದು ಸುತ್ತು ತಿರುಗಿಸುವಷ್ಟು ಗಟ್ಟಿಯಾಗಿತ್ತು ಎಂಬುದಕ್ಕೆ ನಾನೇ ಸಾಕ್ಷಿ. ಆದ್ದರಿಂದ ಮುಂದೆ ಯಾವ ದೊರೆಯಾದರೂ, ಯಾವ ಹೆಂಗಸಾದರೂ, ಇವರಿಂದ ಬಲಗೈಯನ್ನೇ ಕೇಳಬಹುದು.

ಮಗುವಿನ ಮೇಲೆ ಇವರಿಗೆ ಹಕ್ಕಿಲ್ಲ. ಅದು ಲಿಂಡ್ನರ್ ಮನೆತನದ್ದು. ಉಂಗುರವನ್ನೂ ನಾಲ್ಕು ಕೋಟುಗಳಲ್ಲಿ ನನ್ನ ಬಳಿ ಇದ್ದ ಮೂರನ್ನೂ ಪೆಟ್ಟಿಗೆ ಸಮೇತ ಕಳಿಸಿದ್ದೇನೆ. ಚಳಿಗಾಲಕ್ಕೆ ಇಲ್ಲಿಗೆ ಬರಬೇಕಾಗಿಲ್ಲ.

ನಾನು ಹೇಳದೆ ಕೇಳದೆ ಓಡಿಹೋದೆನೆಂದು ಯಾರೂ ಹೇಳಬಾರದಲ್ಲ. ಅದಕ್ಕೇ ಈ ಕಾಗದ. ಇನ್ನು ಮುಂದೆ ಇವರು ತಮ್ಮ ಭಾಗ್ಯವನ್ನು ಬೇಕಾದಲ್ಲಿ ಹುಡುಕಿಕೊಳ್ಳಲು ಸ್ವತಂತ್ರರು.

ಯೂಲಿಯಾನ ಲಿಂಡ್ನರ್

(ಸಹಿ ಸೊಟ್ಟಗಿದೆ, ಮನ್ನಿಸಬೇಕು. ಎಡಗೈಯಲ್ಲಿ ಹಾಕಿದ್ದು. ಬಲಗೈಯಲ್ಲಿ ಮಗು ಮಲಗಿದೆ.)